ಮುಧೋಳ ನಾಯಿ ತರೋ ಮೊದಲು, ಓಡಿಸೋರು ಯಾರು ಹೇಳಿ

ನಂಜನಗೂಡು, ತಿ. ನರಸೀಪುರದ ಕಡೆ ಹಳ್ಳಿಗಳಲ್ಲಿ ಕೆಲವು ವರ್ಷಗಳಿಂದ ಮುಧೋಳ ನಾಯಿ ಸಾಕುವ ಆಸೆ ಹೆಚ್ಚಾಗಿದೆ. ಮೊದಲೆಲ್ಲ ಹಟ್ಟಿಗೊಂದು ಊರನಾಯಿ ಇರುತ್ತಿತ್ತು. ಉಳಿದ ಮುದ್ದೆ ತಿಂದು ಜಗುಲಿ ಕೆಳಗೆ ಮಲಗುತ್ತಿತ್ತು. ಈಗ ಹೈದರು ಒಂದು ಕುರಿಯ ಬೆಲೆ ಕೊಟ್ಟು, ಬಸ್ಸಿನಲ್ಲಿ ರಾತ್ರಿಯೆಲ್ಲ ಮಡಿಲಲ್ಲಿಟ್ಟುಕೊಂಡು ಮರಿ ತರುತ್ತಾರೆ. ಮೂರು ತಿಂಗಳು ಊರೆಲ್ಲ ಬಂದು ನೋಡುತ್ತೆ. ಆರನೇ ತಿಂಗಳಿಗೆ ಅದು ಕೊಟ್ಟಿಗೆಯ ಕಂಬಕ್ಕೆ ಸೇರುತ್ತೆ. ಆಮೇಲೆ ಅದರ ಆಯುಸ್ಸೆಲ್ಲ ಆ ಕಂಬದ ಸುತ್ತ ನಾಲ್ಕು ಮೊಳ.

ಈ ನಾಲ್ಕು ಮೊಳದ ಬಗ್ಗೆ ಬರೆಯಲು ಕೂತಿದ್ದೇನೆ. ನಾಯಿ ಸಾಕಬೇಡಿ ಅನ್ನುವವನು ನಾನಲ್ಲ. ನಮ್ಮ ಹಟ್ಟಿಯಲ್ಲೇ ಏಳು ವರ್ಷದಿಂದ ಒಂದು ಮುಧೋಳ ಹೆಣ್ಣು ನಾಯಿ ಇದೆ. ಬಾಗಲಕೋಟೆ ಕಡೆ ನೌಕರಿಯಲ್ಲಿದ್ದ ನೆಂಟರು ವರ್ಗವಾಗಿ ಬರುವಾಗ ತಂದುಕೊಟ್ಟಿದ್ದು. ಮೈಬಣ್ಣ ಕೆಂಚು, ಅದಕ್ಕೆ ಹೆಸರೂ ಕೆಂಚಿ. ಅದರ ಜೊತೆ ಬಾಳಿ ತಿಳಿದದ್ದನ್ನೇ ಹೇಳುತ್ತೇನೆ. ನಾಯಿ ಡಾಕ್ಟರು ಬರೆದ ಪುಸ್ತಕ ಬೇರೆ, ಮಳೆ ನಂಬಿ ಮೂರೆಕರೆ ಉಳುವವನ ಲೆಕ್ಕ ಬೇರೆ.

ಹೆಸರು ಬಂದದ್ದು

ಮುಧೋಳ ಬಾಗಲಕೋಟೆ ಜಿಲ್ಲೆಯ ತಾಲ್ಲೂಕು. ಅಲ್ಲಿನ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆಯವರು, ಬೇಡರು ಬೇಟೆಗೆ ಸಾಕುತ್ತಿದ್ದ ಈ ನಾಯಿಯನ್ನು ಕಂಡು ತಳಿ ಉಳಿಸಿದರು ಅಂತ ಆ ಕಡೆಯವರು ಹೇಳುತ್ತಾರೆ. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕೊಟ್ಟರು, ಅಲ್ಲಿಂದ ಮುಧೋಳ ಹೌಂಡ್ ಅನ್ನೋ ಹೆಸರು ನಿಂತಿತು ಎಂಬ ಮಾತೂ ಇದೆ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಇದೂ ಒಂದು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. 2016ರಲ್ಲಿ ಸೈನ್ಯದವರು ತರಬೇತಿಗೆ ಅಂತ ಮರಿಗಳನ್ನು ಮೀರತ್‌ಗೆ ಒಯ್ದರು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ದೇಶಿ ನಾಯಿ ಸಾಕಿ ಅಂತ ಹೇಳುವಾಗ ಮುಧೋಳದ ಹೆಸರೂ ಬಂತು.

ಇಷ್ಟು ಸಾಕಾಯಿತು. ನಮ್ಮ ನಾಡಿನ ನಾಯಿಗೆ ಗೌರವ ಸಿಕ್ಕಿದ್ದು ಸಂತೋಷವೇ. ಆದರೆ ರೇಡಿಯೋ, ಟೀವಿಯಲ್ಲಿ ನಾಯಿಯ ಹೆಸರು ಮಾತ್ರ ಬರುತ್ತೆ. ಅದರ ಚಾಕರಿ ಎಷ್ಟು ಅನ್ನೋದು ಬರೋದಿಲ್ಲ.

ಇದು ಕಣ್ಣಿನ ನಾಯಿ

ಇಂಗ್ಲೆಂಡಿನ ಗ್ರೇಹೌಂಡ್, ನಮ್ಮ ಮುಧೋಳ, ಉತ್ತರದ ರಾಂಪುರ ನಾಯಿ ಎಲ್ಲ ಒಂದೇ ಕಸುಬಿನವು. ಮೂಗಿನಿಂದ ಜಾಡು ಹಿಡಿದು ಹೋಗುವ ಜಾತಿಯಲ್ಲ, ಕಣ್ಣಿಗೆ ಕಂಡದ್ದರ ಹಿಂದೆ ಓಡುವ ಜಾತಿ. ಉದ್ದ ಕಾಲು, ಆಳದ ಎದೆ, ಒಳಗೆ ಎಳೆದುಕೊಂಡ ಹೊಟ್ಟೆ, ಚರ್ಮದ ಕೆಳಗೆ ಕೊಬ್ಬೇ ಇಲ್ಲ. ಗಂಡು ಮುಧೋಳ ಹೆಗಲಿನ ಎತ್ತರಕ್ಕೆ ಸುಮಾರು 70 ಸೆಂಟಿಮೀಟರ್ ಬರುತ್ತೆ. ಅಷ್ಟು ಎತ್ತರದ ನಾಯಿಯ ತೂಕ 25 ಕೆ.ಜಿ. ಆಸುಪಾಸು ಮಾತ್ರ.

ಹೊಲದ ಬದುವಿನ ಮೇಲೆ ನಿಂತರೆ ಕೆಂಚಿಗೆ ಎರಡು ಹೊಲ ಆಚೆ ಅಲ್ಲಾಡಿದ್ದೂ ಕಾಣುತ್ತೆ. ಒಮ್ಮೆ ಕಂಡು ಹೊರಟಿತೋ, ಮುಗಿಯಿತು. ಹೆಸರಿಡಿದು ಕೂಗಿದರೂ ಶಿಳ್ಳೆ ಹಾಕಿದರೂ ಕಿವಿಗೆ ಬೀಳೋದಿಲ್ಲ. ಅದು ಮಾತು ಕೇಳದ ನಾಯಿ ಅಂತಲ್ಲ. ನೂರಾರು ವರ್ಷ ಮನುಷ್ಯನೇ ಹಾಗೆ ಆರಿಸಿ ಆರಿಸಿ ಬೆಳೆಸಿದ್ದಾನೆ. ನಾವು ಬಿತ್ತನೆಗೆ ತೆನೆ ಆರಿಸೋ ಹಾಗೆ. ಓಡೋದಕ್ಕೆ ಅಂತ ಬೆಳೆಸಿದ ಪ್ರಾಣಿಯನ್ನು ಕಟ್ಟಿಹಾಕಿ, ಇದು ಬೊಗಳುತ್ತೆ, ಮಣ್ಣು ಕೆದರುತ್ತೆ, ಹಗ್ಗ ಕಡಿಯುತ್ತೆ ಅಂತ ಬೈದರೆ ಅದಕ್ಕೇನು ಗೊತ್ತು?

ಇನ್ನೊಂದು ಮಾತು. ಇವು ದಿನವೆಲ್ಲ ಓಡುವ ನಾಯಿಯಲ್ಲ. ಇಂಗ್ಲೆಂಡಿನಲ್ಲಿ ಗ್ರೇಹೌಂಡ್ ಪಂದ್ಯ ಅಂತ ಇದೆ. 1926ರಲ್ಲಿ ಮ್ಯಾಂಚೆಸ್ಟರಿನಲ್ಲಿ ಶುರುವಾದದ್ದು. ಯಂತ್ರದ ಮೊಲವನ್ನು ಮುಂದೆ ಓಡಿಸಿ ಹಿಂದೆ ನಾಯಿ ಬಿಡುತ್ತಾರೆ. 480 ಮೀಟರ್ ಓಟ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತೆ. ಅಮೆರಿಕದ ಫ್ಲೋರಿಡಾದಲ್ಲಿ ಜನ 2018ರಲ್ಲಿ ಓಟು ಹಾಕಿ ಈ ಪಂದ್ಯ ಬೇಡ ಅಂದರು, 2020ರ ಕೊನೆಗೆ ಅಲ್ಲಿ ನಿಂತುಹೋಯಿತು. ಪಂದ್ಯದಿಂದ ಬಿಡಿಸಿದ ಗ್ರೇಹೌಂಡ್‌ಗಳನ್ನು ಆ ದೇಶಗಳಲ್ಲಿ ಸಂಸಾರಸ್ಥರು ಮನೆಗೆ ತಂದು ಸಾಕುತ್ತಾರೆ. ಅವರೆಲ್ಲ ಹೇಳೋದು ಒಂದೇ: ಸ್ವಲ್ಪ ಹೊತ್ತು ಓಡಿಸಿದರೆ ಉಳಿದ ಹೊತ್ತೆಲ್ಲ ಮಲಗಿರುತ್ತೆ. ನಮ್ಮ ಮುಧೋಳಕ್ಕೆ ಗ್ರೇಹೌಂಡಿಗಿಂತ ದಮ್ಮು ಜಾಸ್ತಿ, ದೂರ ಓಡುತ್ತೆ. ಆದರೂ ಗುಣ ಅದೇ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಬಯಲಿಗೆ ಬಿಟ್ಟರೆ ಕೆಂಚಿ ಹಗಲೆಲ್ಲ ಹುಲ್ಲಿನ ಮೆದೆಯ ನೆರಳಲ್ಲಿ ಕಾಲು ಚಾಚಿ ಮಲಗಿರುತ್ತೆ. ಬಿಡದೆ ಹೋದ ದಿನ ಹಟ್ಟಿಯಲ್ಲಿ ನಮಗೂ ನೆಮ್ಮದಿ ಇಲ್ಲ, ಅದಕ್ಕೂ ಇಲ್ಲ.

ಅಂದರೆ ಇದು ಕೇಳೋದು ದಿನಕ್ಕೆ ಒಂದು ಗಂಟೆ. ಕೇಳಲು ಸುಲಭ. ಆದರೆ 365 ದಿನ, ಹತ್ತು ಹನ್ನೆರಡು ವರ್ಷ.

ಕಾಡುಹಂದಿಗೆ ಇದು ಮದ್ದಲ್ಲ

ಮುಧೋಳ ತರುವ ನಮ್ಮ ರೈತರು ಮೊದಲು ಹೇಳುವ ಕಾರಣ ಕಾಡುಹಂದಿ. ಜೋಳ, ಕಡಲೆಕಾಯಿ, ಮುಸುಕಿನ ಜೋಳ ಯಾವುದನ್ನೂ ಹಂದಿ ಬಿಡುತ್ತಿಲ್ಲ, ಅದು ನಿಜ. ಆದರೆ ಹಂದಿಯ ಎದುರಿಗೆ ಒಂದು ಮುಧೋಳ ನಾಯಿಯನ್ನು ನಿಲ್ಲಿಸೋದು ಅದನ್ನು ಸಾಯಲು ಕಳಿಸಿದ ಹಾಗೆ. ಹಂದಿ ತಿರುಗಿ ನಿಂತು ಕೋರೆ ಬೀಸಿದರೆ ಈ ನಾಯಿಯ ತೆಳು ಚರ್ಮ ಕಾಗದದ ಹಾಗೆ ಸೀಳುತ್ತೆ.

ಇದಕ್ಕೆ ಸಾವಿರ ವರ್ಷದ ಸಾಕ್ಷಿ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕಲ್ಲಿನ ಶಾಸನ. ಕ್ರಿ.ಶ. 950ರ ಸುಮಾರಿನದು. ಗಂಗರ ಬೂತುಗ ದೊರೆ ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಅಂದಾಗ, ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ಕಾಳಿ ಅನ್ನೋ ಬೇಟೆನಾಯಿಯನ್ನು ಕೇಳಿಕೊಂಡ. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಿದರೆ ಪಾಪ ತಟ್ಟುತ್ತೆ ಅಂತಲೂ ಬರೆಸಿದ್ದಾರಂತೆ. ಆ ಕಲ್ಲು ಈಗ ಬೆಂಗಳೂರಿನ ವಸ್ತು ಸಂಗ್ರಹಾಲಯದಲ್ಲಿದೆ. ದೊರೆಯ ಅರಮನೆಯಲ್ಲಿ ಬೆಳೆದ ನಾಯಿಗೇ ಹಂದಿಯ ಎದುರು ಆ ಗತಿ. ನಮ್ಮ ಹಟ್ಟಿಯ ನಾಯಿಗೆ ಇನ್ನೇನು?

ನನಗೆ ಆ ಕಥೆಯಲ್ಲಿ ಹಿಡಿಸಿದ್ದು ಇನ್ನೊಂದು. ಅವತ್ತು ಸತ್ತ ನಾಯಿಯ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಅಂದರು. ಇವತ್ತು ಬದುಕಿರುವ ನಾಯಿಯ ನೀರಿನ ತಟ್ಟೆ ಬತ್ತಿದ್ದರೂ ನಾವು ಉಂಡು ಎದ್ದುಬರುತ್ತೇವೆ.

ಎರಡನೇ ಕಾರಣ ಮೊಲ. ಇದನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ, ಕೊಯ್ಲು ಮುಗಿದ ಮೇಲೆ ಗುಂಪು ಕಟ್ಟಿಕೊಂಡು ಹೋಗುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೋವಿ ಹಾರಿಸೋದು ಮಾತ್ರವಲ್ಲ. ನಾಯಿ ಬಿಟ್ಟು ಅಟ್ಟಿಸೋದೂ ಬೇಟೆಯೇ, ಅಟ್ಟಿಸಲು ನೋಡಿದರೂ ಬೇಟೆಯೇ. ಒಂದು ಮೊಲದ ಸಾರಿಗೆ ಕೋರ್ಟಿಗೆ ಅಲೆಯೋದು, ಜೈಲು ನೋಡೋದು ಬೇಕೆ? ನಾಯಿಯನ್ನು ಓಡಿಸಿ, ಆದರೆ ಕಾಡಿನ ಅಂಚಿಗೆ, ಮೊಲ ಇರುವ ಕುರುಚಲಿಗೆ ಬಿಡಬೇಡಿ.

ಮಗ ತಂದದ್ದು, ತಾಯಿ ಸಾಕಿದ್ದು

ಈಗ ಹೇಳುವುದು ನಾನು ಈ ಬರಹ ಬರೆಯಲು ನಿಜವಾದ ಕಾರಣ.

ನಮ್ಮ ಕಡೆ ಒಣಭೂಮಿಯ ಮನೆಗಳ ಪರಿಸ್ಥಿತಿ ನಿಮಗೂ ಗೊತ್ತು. ಮಳೆ ನಂಬಿದ ಬೇಸಾಯದಲ್ಲಿ ವರ್ಷವೆಲ್ಲ ಕೆಲಸ ಇಲ್ಲ. ಗಂಡುಮಕ್ಕಳು ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಪಾಳಿ ಕೆಲಸಕ್ಕೆ ಹೋಗುತ್ತಾರೆ, ಇಲ್ಲವೇ ಮೈಸೂರು, ಬೆಂಗಳೂರು ಸೇರುತ್ತಾರೆ. ಹಟ್ಟಿಯಲ್ಲಿ ಉಳಿಯುವವರು ವಯಸ್ಸಾದ ತಾಯಿ ತಂದೆ, ಎರಡು ಹಸು, ನಾಲ್ಕು ಮೇಕೆ. ಅದರ ಜೊತೆಗೆ ಮಗ ಆಸೆಪಟ್ಟು ತಂದ ಮುಧೋಳ ನಾಯಿ.

ನಮ್ಮ ಪಕ್ಕದ ಊರಿನ ಒಂದು ಮನೆ. ಹೆಸರು ಬೇಡ. ಮಗ ಮರಿ ತಂದು ಎಂಟು ತಿಂಗಳು ಚೆನ್ನಾಗಿಯೇ ನೋಡಿಕೊಂಡ. ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಓಡಿಸುತ್ತಿದ್ದ. ಆಮೇಲೆ ರಾತ್ರಿ ಪಾಳಿ ಸಿಕ್ಕಿತು. ಬೆಳಿಗ್ಗೆ ಬಂದವನು ಮಲಗುತ್ತಿದ್ದ. ನಾಯಿ ತಾಯಿಯ ಪಾಲಿಗೆ ಬಂತು. ಆ ಅಕ್ಕನಿಗೆ ಅರವತ್ತರ ಮೇಲೆ, ಮಂಡಿ ನೋವು. ಒಂದು ದಿನ ಸರಪಳಿ ಹಿಡಿದು ಹೊರಗೆ ಕರೆದುಕೊಂಡು ಹೋಗುವಾಗ ಬೀದಿಯಲ್ಲಿ ಮೇಕೆಮರಿ ಹಾರಿತು. ನಾಯಿ ಜಗ್ಗಿದ ರಭಸಕ್ಕೆ ಅಕ್ಕ ಚರಂಡಿ ಕಲ್ಲಿನ ಮೇಲೆ ಬಿದ್ದರು, ಮಣಿಕಟ್ಟು ಮುರಿಯಿತು. ಎರಡು ತಿಂಗಳು ಹಾಲು ಕರೆಯಲಾಗಲಿಲ್ಲ. ಅವತ್ತಿನಿಂದ ನಾಯಿ ಕಂಬ ಬಿಟ್ಟು ಕದಲಿಲ್ಲ.

ನಾನು ನೋಡಲು ಹೋದಾಗ ಆ ಅಕ್ಕ ಕೈಗೆ ಪಟ್ಟಿ ಕಟ್ಟಿಕೊಂಡೇ ನಾಯಿಗೆ ಗಂಜಿ ಹಾಕುತ್ತಿದ್ದರು. "ಅದ್ರ ತಪ್ಪೇನಪ್ಪಾ, ಅದು ಓಡೋ ಜೀವ. ನನ್ ಕಾಲು ಓಡಲ್ಲ" ಅಂದರು. ಮಗನನ್ನೂ ಬೈಯಲಿಲ್ಲ, ನಾಯಿಯನ್ನೂ ಬೈಯಲಿಲ್ಲ. ನನಗೆ ಗಂಟಲು ಕಟ್ಟಿತು.

ಇದು ಒಬ್ಬರ ಮನೆಯ ಕಥೆಯಲ್ಲ. ನಾಯಿ ಅಂದರೆ ಗಂಡಸರ ಗತ್ತು, ಅದರ ಚಾಕರಿ ಅಂದರೆ ಹೆಂಗಸರ ಕೆಲಸ ಅಂತ ನಮ್ಮಲ್ಲಿ ಆಗಿಹೋಗಿದೆ. ಫೋಟೋದಲ್ಲಿ ನಾಯಿಯ ಪಕ್ಕ ನಿಲ್ಲೋನು ಮಗ. ಹೇಲು ಬಾಚೋಳು, ಗಂಜಿ ಕಾಯಿಸೋಳು, ಉಣ್ಣೆ ಕೀಳೋಳು ತಾಯಿ, ಇಲ್ಲ ಸೊಸೆ. ಹಸುವಿನ ಚಾಕರಿಗಾದರೂ ಹಾಲು ಬರುತ್ತೆ. ಆದ್ದರಿಂದ ಮರಿ ತರುವ ಮುಂಚೆ ಹಟ್ಟಿಯ ಹೆಂಗಸರನ್ನು ಕೇಳಿ. ಅವರು ಬೇಡ ಅಂದರೆ ಬೇಡ. ಹೂಂ ಅಂದರೂ, ಓಡಿಸೋರು ಯಾರು ಅನ್ನೋದು ಅವತ್ತೇ ಇತ್ಯರ್ಥ ಆಗಲಿ.

ಸರಪಳಿಯೂ ಅಲ್ಲ, ಬೀದಿಯೂ ಅಲ್ಲ

"ಕಟ್ಟಬೇಡಿ ಅಂತೀರಿ, ಹಾಗಾದರೆ ಬಿಟ್ಟುಬಿಡೋಣವಾ?" ಅಂತ ಕೆಲವರು ಕೇಳುತ್ತಾರೆ. ಅದೂ ಆಗದು. ಬೀದಿಗೆ ಬಿಟ್ಟ ಮುಧೋಳ ಊರಿನವರ ಕೋಳಿ ಹಿಡಿಯುತ್ತೆ, ಕುರಿಮರಿ ಅಟ್ಟಿಸುತ್ತೆ. ನಾಲ್ಕು ಕೋಳಿಗೆ ಶುರುವಾದ ಜಗಳ ನ್ಯಾಯ ಪಂಚಾಯ್ತಿವರೆಗೆ ಹೋಗುತ್ತೆ, ಕೊನೆಗೆ ಯಾರೋ ವಿಷ ಇಡುತ್ತಾರೆ. ಊಟಿ ರಸ್ತೆಯಲ್ಲಿ, ಚಾಮರಾಜನಗರದ ರೈಲು ಹಳಿಯ ಮೇಲೆ ಸಾಯುವ ನಾಯಿಗಳಿಗೆ ಲೆಕ್ಕ ಇಟ್ಟವರಿಲ್ಲ. ಓಡುವ ನಾಯಿಗೆ ಎದುರಿನ ಮೊಲ ಮಾತ್ರ ಕಾಣುತ್ತೆ, ಪಕ್ಕದಿಂದ ಬರುವ ಲಾರಿ ಕಾಣೋದಿಲ್ಲ.

ಸದಾ ಕಟ್ಟಿಹಾಕೋದು ಪಾಪ ಮಾತ್ರವಲ್ಲ, ತಪ್ಪೂ ಹೌದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ನಾಯಿಯ ವಿಷಯವನ್ನೇ ಬಿಡಿಸಿ ಬರೆದಿದ್ದಾರೆ. ಸದಾ ಕಟ್ಟಿದ, ಇಲ್ಲವೇ ಕೂಡಿಹಾಕಿದ ನಾಯಿಯನ್ನು ಯಜಮಾನ ತಕ್ಕಮಟ್ಟಿಗೆ ಓಡಾಡಿಸದೆ ಇದ್ದರೆ ಅದು ಅಪರಾಧ. ತೀರಾ ಗಿಡ್ಡ, ತೀರಾ ಭಾರದ ಸರಪಳಿ ಹಾಕೋದೂ ಅಪರಾಧ.

ಮಧ್ಯದ ದಾರಿ ಇದೆ. ನಾನು ಮಾಡಿಕೊಂಡಿರೋದು ಹೀಗೆ. ಹಟ್ಟಿಯ ಹಿಂದಿನ ಹದಿನೈದು ಗುಂಟೆ ಮಾವಿನ ತೋಪಿಗೆ ಮೇಕೆ ಬಾರದಿರಲಿ ಅಂತ ಹಾಕಿದ್ದ ಜಾಲರಿ ಬೇಲಿಯನ್ನೇ ಆಳೆತ್ತರ ಮಾಡಿದೆ. ಮುಳ್ಳುತಂತಿ ಬೇಡವೇ ಬೇಡ. ಓಡುವ ರಭಸದಲ್ಲಿ ನಾಯಿಗೆ ತಂತಿ ಕಾಣೋದಿಲ್ಲ, ತೊಡೆ ಸೀಳಿಕೊಳ್ಳುತ್ತೆ. ಕೆಂಚಿಗೂ ಪಕ್ಕದ ಹೊಲದ ಬೇಲಿಯಲ್ಲಿ ಹಾಗಾಗಿ ಹೊಲಿಗೆ ಬಿದ್ದಿದೆ. ಬೆಳಿಗ್ಗೆ ನಾನು ಎತ್ತಿಗೆ ಹುಲ್ಲು ಹಾಕುವ ಹೊತ್ತಿಗೆ ಅದನ್ನು ತೋಪಿಗೆ ಬಿಡುತ್ತೇನೆ. ಅದು ತನ್ನ ಪಾಡಿಗೆ ನಾಲ್ಕೈದು ಸುತ್ತು ಹೊಡೆದು ಬಂದು ನಾಲಗೆ ಚಾಚಿ ನಿಲ್ಲುತ್ತೆ. ನನ್ನ ಕಾಲು ಸವೆಯಬೇಕಿಲ್ಲ.

ಅಷ್ಟು ಜಾಗ ಎಲ್ಲರಿಗೂ ಇಲ್ಲ. ಊರಿನಲ್ಲಿ ಮೂರು ನಾಲ್ಕು ಮನೆಯಲ್ಲಿ ಇಂಥ ನಾಯಿ ಇದ್ದರೆ, ಒಬ್ಬರ ಬೇಲಿ ಹಾಕಿದ ತೋಪನ್ನೇ ಸರದಿ ಮೇಲೆ ಬಳಸಬಹುದು. ನೀರಿನ ಸರದಿ ಮಾಡಿಕೊಳ್ಳುವ ನಮಗೆ ನಾಯಿ ಸರದಿ ಕಷ್ಟವಲ್ಲ. ಒಂದು ಬಾಡಿಗೆ ಇಲ್ಲ, ಅರ್ಜಿ ಇಲ್ಲ.

ರಾತ್ರಿಯ ಮಾತು ಬೇರೆ. ನಮ್ಮ ಸೀಮೆಯಲ್ಲಿ ಚಿರತೆಗೆ ನಾಯಿ ಸಲೀಸಾಗಿ ಸಿಗುವ ಆಹಾರ. 2022ರ ಕೊನೆ, 2023ರ ಶುರುವಿನಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಯಿಂದ ನಾಲ್ಕು ಜನ ಸತ್ತದ್ದನ್ನು ನಾವು ಮರೆತಿಲ್ಲ. ಹೊಲದ ಗುಡಿಸಲ ಹೊರಗೆ ಕಟ್ಟಿದ ನಾಯಿ ಕಾವಲಲ್ಲ, ಚಿರತೆಯನ್ನು ಮನುಷ್ಯನ ಹತ್ತಿರಕ್ಕೆ ಕರೆಯುವ ಎರೆ. ಕತ್ತಲಾದ ಮೇಲೆ ನಾಯಿ ಬಾಗಿಲಿನ ಒಳಗಿರಲಿ, ಇಲ್ಲ ಮೇಲೂ ಜಾಲರಿ ಇರುವ ಗೂಡಿನಲ್ಲಿರಲಿ.

ದಿನದ ಆರೈಕೆ

ಈ ನಾಯಿಯ ಆರೈಕೆಯಲ್ಲಿ ಊರನಾಯಿಗಿಂತ ಬೇರೆಯಾದ ಕೆಲವು ವಿಷಯ ಇವೆ. ಅಷ್ಟನ್ನು ಮಾತ್ರ ಹೇಳುತ್ತೇನೆ.

ಬಂದವರೆಲ್ಲ ಮೊದಲು ಅನ್ನೋದು, "ಏನ್ ಸ್ವಾಮಿ, ನಾಯಿಗೆ ಊಟ ಹಾಕಲ್ವಾ?" ಅಂತ. ಈ ಜಾತಿಗೆ ಕೊನೆಯ ಎರಡು ಮೂರು ಪಕ್ಕೆಲುಬು ಕಾಣೋದೇ ಲಕ್ಷಣ. ಎಲ್ಲ ಎಲುಬೂ, ಬೆನ್ನುಮೂಳೆಯೂ ಎದ್ದು ಕಂಡರೆ ಹಸಿವು, ಇಲ್ಲ ಹುಳು. ಒಂದೂ ಕಾಣದಿದ್ದರೆ ಬೊಜ್ಜು. ಜನರ ಮಾತಿಗೆ ಹೆದರಿ ತುರುಕಬೇಡಿ.

ಊಟ ಎರಡು ಹೊತ್ತು. ನಮ್ಮಲ್ಲಿ ಬೆಳಿಗ್ಗೆ ರಾಗಿ ಅಂಬಲಿಗೆ ಮಜ್ಜಿಗೆ, ಸಂಜೆ ಜೋಳದ ನುಚ್ಚು ಇಲ್ಲವೇ ಅನ್ನಕ್ಕೆ ಒಂದು ಮೊಟ್ಟೆ, ವಾರಕ್ಕೆರಡು ಸಲ ಕೋಳಿ ಅಂಗಡಿಯಿಂದ ತಂದ ಈಲಿ, ಗುಂಡಿಗೆ ಬೇಯಿಸಿದ್ದು. ಬರೀ ಮುದ್ದೆಯಲ್ಲಿ ಈ ನಾಯಿಯ ಮಾಂಸಖಂಡ ನಿಲ್ಲೋದಿಲ್ಲ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತೆ, ಹಾಕಬೇಡಿ. ಈರುಳ್ಳಿ ಬಿದ್ದ ಸಾರೂ ಬೇಡ, ನಾಯಿಯ ರಕ್ತಕ್ಕೆ ಈರುಳ್ಳಿ ಕೆಟ್ಟದ್ದು.

ತಿಂದ ಕೂಡಲೇ ಓಡಿಸಬಾರದು, ಓಡಿದ ಕೂಡಲೇ ಹೊಟ್ಟೆ ತುಂಬ ಹಾಕಲೂ ಬಾರದು. ಆಳದ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಕಾಯಿಲೆ ಇದೆ. ಹೊಟ್ಟೆ ತಮಟೆ ಆಗಿ, ವಾಂತಿ ಬಾರದೆ ಓಕರಿಸುತ್ತಿದ್ದರೆ ಒಂದು ಗಳಿಗೆಯೂ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಕೊರಳು ದಪ್ಪ, ತಲೆ ಸಣ್ಣ. ಸಾದಾ ಪಟ್ಟಿ ಹಿಂದಕ್ಕೆ ಎಳೆದರೆ ಕಳಚಿಕೊಳ್ಳುತ್ತೆ. ಎರಡು ಮೂರು ಬೆರಳು ಅಗಲದ ಪಟ್ಟಿ, ಕಿವಿಯ ಹಿಂದೆ ಬಿಗಿಯಾಗಿ ಕೂರುವಂಥದ್ದು ಬೇಕು. ನೂಲಿನ ಹಗ್ಗ ಹಾಕಿದರೆ ಕೊರಳು ಕೊಯ್ಯುತ್ತೆ.

ಮೈಮೇಲೆ ಕೊಬ್ಬಿಲ್ಲದ ಕಾರಣ ಮಾಗಿಯ ಚಳಿ, ಜಡಿಮಳೆ ತಡೆಯೋದಿಲ್ಲ. ಬರೀ ನೆಲದ ಮೇಲೆ ಮಲಗಿ ಮಲಗಿ ಮೊಣಕೈ, ಸೊಂಟದ ಹತ್ತಿರ ಗಂಟು ಕಟ್ಟಿ ಹುಣ್ಣಾಗುತ್ತೆ. ಗೋಣಿಚೀಲಕ್ಕೆ ರಾಗಿ ಹುಲ್ಲು ತುಂಬಿ ಹಾಸಿ, ವಾರಕ್ಕೊಮ್ಮೆ ಹುಲ್ಲು ಬದಲಿಸಿ. ಬೇಸಿಗೆಯಲ್ಲಿ ಹೊತ್ತು ಹುಟ್ಟುವ ಮುಂಚೆ, ಮುಳುಗಿದ ಮೇಲೆ ಮಾತ್ರ ಓಟ. ಬಿಸಿಲಲ್ಲಿ ಓಡಿ ಏದುಸಿರು ನಿಲ್ಲದೆ ತೂರಾಡಿದರೆ ನೆರಳಿಗೆ ತಂದು ಮೈಗೆಲ್ಲ ತಣ್ಣೀರು ಹಾಕಿ, ಗಾಳಿ ಬೀಸಿ, ಆಮೇಲೆ ಡಾಕ್ಟರ ಹತ್ತಿರ.

ಮರಿಗೆ ಆರರಿಂದ ಎಂಟು ವಾರದೊಳಗೆ ಪಾರ್ವೋ, ಡಿಸ್ಟೆಂಪರ್ ಲಸಿಕೆ ಶುರುವಾಗಬೇಕು. ಮೂರು ನಾಲ್ಕು ವಾರಕ್ಕೊಮ್ಮೆಯಂತೆ ನಾಲ್ಕು ತಿಂಗಳು ತುಂಬುವವರೆಗೆ ಹಾಕಿಸಬೇಕು. ರಕ್ತಭೇದಿ ಆಗಿ ಮೂರೇ ದಿನದಲ್ಲಿ ಸಾಯುವ ಮರಿಗಳಲ್ಲಿ ಪಾರ್ವೋಗೆ ಹೋಗುವವೇ ಬಹಳ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ ಒಂದು, ಆಮೇಲೆ ಡಾಕ್ಟರು ಹೇಳಿದ ಪ್ರಕಾರ ವರ್ಷವರ್ಷ. ಸೆಪ್ಟೆಂಬರ್ 28 ರೇಬೀಸ್ ದಿನ, ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವುದುಂಟು, ವಿಚಾರಿಸಿ.

ಕುರಿ, ಹಸು ಇರುವ ಹಟ್ಟಿಯಲ್ಲಿ ಉಣ್ಣೆ ಕಾಟ ತಪ್ಪಿದ್ದಲ್ಲ. ಉಣ್ಣೆಯಿಂದ ಬರುವ ಜ್ವರಕ್ಕೆ ನಾಯಿ ಊಟ ಬಿಡುತ್ತೆ, ವಸಡು ಬಿಳುಚಿಕೊಳ್ಳುತ್ತೆ, ಕೆಲವಕ್ಕೆ ಮೂಗಲ್ಲಿ ರಕ್ತ ಬರುತ್ತೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ದಿನಾ ಕೈಯಾಡಿಸಿ ನೋಡಿ. ಕುರಿಗೆ ತಂದ ಔಷಧಿಯನ್ನು ಅಂದಾಜಿಗೆ ನಾಯಿಗೆ ಹಚ್ಚೋದು, ಕುಡಿಸೋದು ಬೇಡ. ಅಳತೆ ತಪ್ಪಿದರೆ ಪ್ರಾಣಕ್ಕೇ ಬರುತ್ತೆ.

ಕೊನೆಯದು, ಬಹಳ ಜನಕ್ಕೆ ಗೊತ್ತಿಲ್ಲದ್ದು. ಹೊಲಿಗೆಗೋ ಸಂತಾನಹರಣಕ್ಕೋ ಮತ್ತು ಕೊಡಿಸುವಾಗ, "ಇದು ಗ್ರೇಹೌಂಡ್ ಥರದ ಓಟದ ತಳಿ" ಅಂತ ಡಾಕ್ಟರಿಗೆ ಮೊದಲೇ ಹೇಳಿ. ಥಯೋಪೆಂಟಾಲ್ ಜಾತಿಯ ಹಳೇ ಅರಿವಳಿಕೆ ಔಷಧಿಗಳು ಈ ನಾಯಿಗಳ ಮೈಯಲ್ಲಿ ಬೇಗ ಇಳಿಯೋದಿಲ್ಲ, ಎಚ್ಚರ ಬರೋದು ತುಂಬ ತಡ. ಬೇರೆ ಔಷಧಿಗಳಿವೆ, ಡಾಕ್ಟರಿಗೆ ಗೊತ್ತಿರುತ್ತೆ. ಊರನಾಯಿ ಅಂದುಕೊಂಡು ಕೊಟ್ಟುಬಿಡದ ಹಾಗೆ ನೋಡಿಕೊಳ್ಳೋದು ನಮ್ಮ ಕೆಲಸ.

ಹಾಗಾದರೆ ಯಾರು ಸಾಕಬೇಕು?

ಹೊಲ ಕಾಯಲು, ಹಟ್ಟಿ ಕಾಯಲು ನಾಯಿ ಬೇಕು ಅನ್ನುವ ಸಣ್ಣ ರೈತನಿಗೆ ನಾನು ಹೇಳೋದು, ಊರನಾಯಿಯ ಮರಿ ತನ್ನಿ. ಅದು ನಮ್ಮ ಹವೆಗೆ ಒಗ್ಗಿದ್ದು, ಕಮ್ಮಿ ತಿಂದು ಬದುಕುತ್ತೆ, ಅಪರಿಚಿತರಿಗೆ ಮುಧೋಳಕ್ಕಿಂತ ಹೆಚ್ಚು ಬೊಗಳುತ್ತೆ. ಅದಕ್ಕೂ ಲಸಿಕೆ ಹಾಕಿಸಿ, ಹೊಟ್ಟೆಗೆ ಹಾಕಿ. ಬೆಲೆ ಕೊಟ್ಟು ತಂದಿಲ್ಲ ಅಂತ ಅದರ ನಿಯತ್ತು ಕಮ್ಮಿ ಆಗೋದಿಲ್ಲ.

ಮರಿ ಮಾರಿ ದುಡ್ಡು ಮಾಡೋಣ ಅನ್ನುವವರಿಗೂ ಒಂದು ಮಾತು. ಮುಧೋಳದ ಸುತ್ತ ಮುತ್ತ ಬಡ ಕುಟುಂಬಗಳು ಇದರಲ್ಲೇ ಜೀವನ ಮಾಡುತ್ತಿರೋದು ನಿಜ. ಅವರಿಗೆ ತಲೆಮಾರಿನ ಅನುಭವ ಇದೆ, ಕೊಳ್ಳಲು ಜನ ಅಲ್ಲಿಗೇ ಹೋಗುತ್ತಾರೆ. ನಮ್ಮೂರಲ್ಲಿ ಆರು ಮರಿ ಹಾಕಿದರೆ ಎರಡು ಮಾರಬಹುದು, ಉಳಿದ ನಾಲ್ಕು ಯಾರ ಕಂಬಕ್ಕೆ? ಬೇಡವಾದರೆ ಹೆಣ್ಣು ನಾಯಿಗೆ ಸಂತಾನಹರಣ ಮಾಡಿಸೋದೇ ಲೇಸು. ಕೆಂಚಿಗೆ ಮಾಡಿಸಿದ್ದೇವೆ.

ಇಷ್ಟಾದ ಮೇಲೂ ಮುಧೋಳವೇ ಬೇಕು ಅನ್ನಿಸಿದರೆ, ಧಾರಾಳವಾಗಿ ಸಾಕಿ. ಮುಧೋಳದ ಹೆಸರಲ್ಲಿ ಬೆರಕೆ ಮಾರುವವರು ಬಹಳ, ಆದ್ದರಿಂದ ತಿಮ್ಮಾಪುರದ ಕೇಂದ್ರದಲ್ಲಿ ವಿಚಾರಿಸಿ ತನ್ನಿ. ತಾಯಿ ನಾಯಿಯನ್ನು ನೋಡದೆ ಮರಿ ಕೊಳ್ಳಬೇಡಿ. ಇದು ಪ್ರೀತಿಯ ನಾಯಿ. ಗಲಾಟೆ ಇಲ್ಲ, ಮಕ್ಕಳ ಮೇಲೆ ಎರಗೋದಿಲ್ಲ, ಬೈದರೆ ಎರಡು ದಿನ ಮುಖ ತಿರುಗಿಸಿಕೊಂಡು ಕೂರುತ್ತೆ. ಅದು ತೋಪಿನಲ್ಲಿ ನಾಲ್ಕು ಕಾಲೂ ನೆಲ ಬಿಟ್ಟು ಹಾರಿ ಹೋಗೋದನ್ನು ನೋಡಿದರೆ, ಮಳೆ ಬಾರದ ವರ್ಷವೂ ಮನಸ್ಸು ವಸಿ ಹಗುರ ಆಗುತ್ತೆ.

ಆದರೆ ತರುವ ಮೊದಲು ಮೂರು ಪ್ರಶ್ನೆಗೆ ಹಟ್ಟಿಯವರೆಲ್ಲ ಕೂತು ಉತ್ತರ ಹೇಳಿಕೊಳ್ಳಿ. ಬೆಳಿಗ್ಗೆ ಸಂಜೆ ಓಡಿಸೋರು ಯಾರು? ಎಲ್ಲಿ ಓಡಿಸೋದು? ಅವರು ಕೆಲಸಕ್ಕೆ ಹೊರಟುಹೋದರೆ ಆಮೇಲೆ ಯಾರು? ಮೂರಕ್ಕೂ ಹೆಸರು ಹಿಡಿದು ಉತ್ತರ ಬಂದರೆ ಮರಿ ತನ್ನಿ. "ನೋಡೋಣ ಬುಡಿ" ಅನ್ನೋ ಉತ್ತರ ಬಂದರೆ ತರಬೇಡಿ.

ಈಗಾಗಲೇ ಕಂಬಕ್ಕೆ ಕಟ್ಟಿದವರು ಇದನ್ನು ಓದಿ ಬೇಜಾರು ಮಾಡಿಕೊಳ್ಳಬೇಡಿ. ನಾಳೆ ಬೆಳಿಗ್ಗೆ ಅರ್ಧ ಗಂಟೆ ಬೇಲಿ ಇರುವ ಜಾಗಕ್ಕೆ ಒಯ್ದು ಬಿಡಿ. ಪಕ್ಕದ ಆ ಊರಿನ ಮಗ ಈಗ ಪಾಳಿ ಮುಗಿಸಿ ಬಂದವನು ಮಲಗುವ ಮುಂಚೆ ನಾಯಿಯನ್ನು ನಮ್ಮ ತೋಪಿಗೆ ತಂದು ಬಿಡುತ್ತಿದ್ದಾನೆ. ಮೊದಲ ವಾರ ಅದಕ್ಕೆ ಓಡಲೂ ಬರಲಿಲ್ಲ, ಸರಪಳಿಯ ಅಳತೆಗೇ ಸುತ್ತುತ್ತಿತ್ತು. ಹತ್ತನೇ ದಿನ ಬೇಲಿಯ ಆ ತುದಿ ಮುಟ್ಟಿತು.

ಸರದಿ ಮೇಲೆ ನಾಯಿ ಓಡಿಸುವ ಏರ್ಪಾಡು ಬೇರೆ ಊರುಗಳಲ್ಲಿ ಯಾರಾದರೂ ಮಾಡಿಕೊಂಡಿದ್ದರೆ, ಅದರ ಅನುಕೂಲ ಅನಾನುಕೂಲ ಈ ಪತ್ರಿಕೆಗೆ ಬರೆಯಿರಿ. ಓದಿ ತಿದ್ದಿಕೊಳ್ಳುವವರು ನಾವೆಲ್ಲ ಇದ್ದೇವೆ.